ಜಾರಿದ ಇಂಪ್ಲಾಂಟ್‌ಗೆ ಅವಸರದ ರಿವಿಷನ್ ಬೇಡ: ನನಗಾದದ್ದು ನಿಮಗಾಗದಿರಲಿ

ಸ್ತನಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡು, ಅದು ಜಾಗ ಬಿಟ್ಟು ಜಾರಿ, ಈಗ ಅದನ್ನು ಸರಿಮಾಡಲು ಇನ್ನೊಂದು ಆಪರೇಷನ್ (ರಿವಿಷನ್) ಮಾಡಿಸೋದಾ ಬೇಡ್ವಾ ಅಂತ ಯೋಚಿಸುತ್ತಿರುವ ಹೆಣ್ಣುಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಬಾಯಿ ಬಿಟ್ಟು ಹೇಳಲಾಗದೆ, ಎಲ್ಲರೂ ಮಲಗಿದ ಮೇಲೆ ಮೊಬೈಲ್ ಹಿಡಿದು ಹುಡುಕುತ್ತಾ ಕೂರುವ ಕಷ್ಟ ನನಗೆ ಗೊತ್ತು. ನಾನೂ ಹಾಗೇ ಕೂತಿದ್ದೆ. ಆಮೇಲೆ ಗಾಬರಿಯಲ್ಲಿ ನಾಲ್ಕೇ ತಿಂಗಳಿಗೆ ಎರಡನೇ ಆಪರೇಷನ್‌ಗೆ ಒಪ್ಪಿಕೊಂಡೆ. ಮೊದಲಿಗಿಂತ ಹದಗೆಟ್ಟಿತು.

ಇಬ್ಬರು ಮಕ್ಕಳಿಗೆ ಹಾಲು ಕುಡಿಸಿದ ಮೇಲೆ ನನ್ನ ಎದೆ ಪೂರ್ತಿ ಬತ್ತಿಹೋಗಿತ್ತು. ಅದು ನನಗೆ ತುಂಬಾ ಬೇಜಾರಿನ ವಿಷಯವಾಗಿತ್ತು. ಮಾಡಿಸಬೇಕು ಅನಿಸಿತು, ನಾನು ದುಡಿದ ದುಡ್ಡಲ್ಲಿ ಮಾಡಿಸಿದೆ. ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ನೀವೂ ಕೊಡಬೇಕಿಲ್ಲ.

2023ರ ಫೆಬ್ರವರಿ. ಬೆಂಗಳೂರಿನ ಒಂದು ಕಾಸ್ಮೆಟಿಕ್ ಕ್ಲಿನಿಕ್. ದುಂಡಗಿನ, ನುಣುಪಾದ ಸಿಲಿಕೋನ್ ಜೆಲ್ ಇಂಪ್ಲಾಂಟ್, ಒಂದೊಂದು 375 ಸಿಸಿ. ಅಂದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್‌ಗಿಂತ ಸ್ವಲ್ಪ ಕಮ್ಮಿ. ಎರಡೂ ಸೇರಿದರೆ ಹೆಚ್ಚುಕಡಿಮೆ ಮುಕ್ಕಾಲು ಕೆಜಿ. ಆ ಭಾರವನ್ನು ನನ್ನ ತೆಳ್ಳಗಿನ ಚರ್ಮ ಹೊರುತ್ತಾ ಅಂತ ಆಗ ಯಾರೂ ಹೇಳಲಿಲ್ಲ, ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಮೇ ತಿಂಗಳಲ್ಲಿ ತಮ್ಮನ ಮದುವೆ. ಬ್ಲೌಸ್ ಹೊಲಿಸಲು ನಮ್ಮ ಬೀದಿಯ ಟೈಲರ್ ಹತ್ತಿರ ಹೋದೆ. ಟ್ರಯಲ್ ನೋಡುವಾಗ ಅವಳು ಎರಡು ಸಲ ಟೇಪ್ ಹಿಡಿದು, ಸುಮ್ಮನಾಗಿ, ಮತ್ತೆ ಹಿಡಿದಳು. "ಅಕ್ಕಾ, ಬಲಗಡೆ ಡಾಟ್ ಒಂದು ಬೆರಳು ಕೆಳಗೆ ತಗೋಬೇಕು. ಎರಡೂ ಕಡೆ ಒಂದೇ ಸಮ ಕೂರ್ತಿಲ್ಲ" ಅಂದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಡಾಕ್ಟರು ಸ್ತನದ ಕೆಳಗಿನ ಮಡಿಕೆಯಲ್ಲೇ ಕೊಯ್ದು ಹೊಲಿದಿದ್ದರು, ಗುರುತು ಕಾಣಬಾರದು ಅಂತ. ಈಗ ಬಲಗಡೆಯ ಗುರುತು ಮಡಿಕೆ ಬಿಟ್ಟು ಒಂದೂವರೆ ಬೆರಳು ಮೇಲೆ ಕಾಣುತ್ತಿತ್ತು. ತೊಟ್ಟು ಮೇಲ್ಮುಖವಾಗಿ ವಾಲಿತ್ತು. ಗುರುತು ಮೇಲೆ ಹೋಗಿರಲಿಲ್ಲ, ಒಳಗಿನ ಇಂಪ್ಲಾಂಟ್ ಮಡಿಕೆ ದಾಟಿ ಕೆಳಗೆ ಇಳಿದಿತ್ತು. ಅಂಗಾತ ಮಲಗಿದರೆ ಅದೇ ಕಂಕುಳ ಕಡೆಗೂ ಜಾರುತ್ತಿತ್ತು. ರಾತ್ರಿ ಎಚ್ಚರವಾದಾಗಲೆಲ್ಲ ಕೈಯಿಂದ ಒಳಕ್ಕೆ ತಳ್ಳಿಕೊಂಡು ಮಲಗುತ್ತಿದ್ದೆ.

ಹೀಗೆ ಕೆಳಗೆ ಇಳಿಯುವುದಕ್ಕೆ ಡಾಕ್ಟರುಗಳು ಬಾಟಮಿಂಗ್ ಔಟ್ ಅನ್ನುತ್ತಾರೆ. ಪಕ್ಕಕ್ಕೆ ಸರಿಯುವುದು ಬೇರೆ, ಎರಡೂ ಮಧ್ಯಕ್ಕೆ ಬಂದು ಒಂದಕ್ಕೊಂದು ತಾಗುವುದು ಬೇರೆ, ಮೇಲೆ ಸಿಕ್ಕಿಕೊಂಡು ಇಳಿಯದೇ ಇರುವುದು ಬೇರೆ. ಒಂದೊಂದಕ್ಕೂ ಕಾರಣ ಬೇರೆ, ರಿಪೇರಿ ಬೇರೆ. ಇದನ್ನೆಲ್ಲ ನಾನು ತಿಳಿದುಕೊಂಡಿದ್ದು ಎರಡು ಆಪರೇಷನ್ ಆದ ಮೇಲೆ.

ಇಲ್ಲೊಂದು ಮಾತು. ಹೊಸದಾಗಿ ಹಾಕಿಸಿಕೊಂಡವರು ಸುಮ್ನೆ ಹೆದರಬೇಡಿ. ಮೊದಲ ವಾರಗಳಲ್ಲಿ ಇಂಪ್ಲಾಂಟ್ ಮೇಲೇ ಇರುತ್ತದೆ, ಬಿಗಿಯಾಗಿರುತ್ತದೆ, ಎರಡು ಕಡೆ ಒಂದೇ ತರ ಇರುವುದಿಲ್ಲ. ಊತ ಇಳಿದು ಅದು ಕೂರಲು ಮೂರರಿಂದ ಆರು ತಿಂಗಳು ಬೇಕು. ಅದಕ್ಕೇ ತುರ್ತು ಕಾರಣ ಇಲ್ಲದಿದ್ದರೆ ರಿವಿಷನ್‌ಗೆ ಕನಿಷ್ಠ ಆರು ತಿಂಗಳು ಕಾಯಿರಿ ಅಂತ ಹೆಚ್ಚಿನ ಸರ್ಜನ್‌ಗಳು ಹೇಳುತ್ತಾರೆ. ಆದರೆ ಜ್ವರ, ಕೆಂಪಾಗುವುದು, ಹೊಲಿಗೆಯಿಂದ ಕೀವು, ಒಂದೇ ಕಡೆ ದಿಢೀರ್ ಊದಿಕೊಳ್ಳುವುದು, ಇವು ಕಾಯುವ ವಿಷಯಗಳಲ್ಲ. ಅವತ್ತೇ ಹೋಗಿ.

ನಾನು ಕ್ಲಿನಿಕ್‌ಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಕೌನ್ಸೆಲರ್ ಫೋನ್ ಮಾಡಿದಳು. "ಏನೂ ಚಿಂತೆ ಮಾಡ್ಬೇಡಿ ಮೇಡಂ, ಒಳಗಡೆ ಎರಡು ಹೊಲಿಗೆ ಅಷ್ಟೇ, ಒಂದು ಗಂಟೆ ಕೆಲಸ. ಸರ್ಜನ್ ಫೀಸ್ ಫ್ರೀ, ಓಟಿ ಮತ್ತೆ ಅನಸ್ತೇಶಿಯಾ ಚಾರ್ಜ್ ಮಾತ್ರ." ಆ ಫ್ರೀ ಅನ್ನುವ ಮಾತೇ ನನ್ನನ್ನು ಬೀಳಿಸಿತು. ಎಂಬತ್ತೈದು ಸಾವಿರ ಆಯಿತು. ಇನ್ಶೂರೆನ್ಸ್ ಒಂದು ಪೈಸೆ ಕೊಡಲಿಲ್ಲ. ನಮ್ಮ ಪಾಲಿಸಿಗಳಲ್ಲಿ ಸೌಂದರ್ಯಕ್ಕೆ ಮಾಡಿಸುವ ಆಪರೇಷನ್ ಹೊರಗೇ ಇರುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಮತ್ತೆ ರೂಪ ಕೊಡುವ ಆಪರೇಷನ್‌ಗೆ ವಿನಾಯಿತಿ ಇದೆ. ಕ್ಯಾನ್ಸರ್‌ಗೆ ಸ್ತನ ತೆಗೆಸಿ ಇಂಪ್ಲಾಂಟ್ ಹಾಕಿಸಿಕೊಂಡವರು ಇದನ್ನು ನೆನಪಿಟ್ಟುಕೊಂಡು ಕಂಪನಿಯನ್ನು ಕೇಳಿ, ಸುಮ್ಮನೆ ಕೈಬಿಡಬೇಡಿ.

ಸರ್ಜನ್ ನನ್ನನ್ನು ನೋಡಿದ್ದು ಐದು ನಿಮಿಷ. ಕುರ್ಚಿಯಲ್ಲಿ ಕೂರಿಸಿಯೇ ನೋಡಿದರು. ಮಲಗಿಸಿ ನೋಡಲಿಲ್ಲ, ಕೈ ಎತ್ತಿಸಲಿಲ್ಲ, ಟೇಪ್ ಹಿಡಿಯಲಿಲ್ಲ. ಯಾಕೆ ಜಾರಿತು ಅಂತ ಕೇಳಿದ್ದಕ್ಕೆ "ನಿಮ್ಮ ಸ್ಕಿನ್ ಲೂಸ್" ಅಂದರು. ಮತ್ತೆ ಜಾರಲ್ವಾ ಅಂದಿದ್ದಕ್ಕೆ "ಇಲ್ಲ". ಅಷ್ಟೇ ಮಾತು. ಒಪ್ಪಿಗೆ ಪತ್ರ ಕೈಗೆ ಬಂದಿದ್ದು ಆಪರೇಷನ್ ದಿನ ಬೆಳಿಗ್ಗೆ, ಗೌನ್ ಹಾಕಿ, ಕೈಗೆ ಸೂಜಿ ಚುಚ್ಚಿದ ಮೇಲೆ. ಆರು ಪುಟ, ಪೂರ್ತಿ ಇಂಗ್ಲಿಷ್. ಯಾವ ಆಪರೇಷನ್ ಅನ್ನುವ ಜಾಗದಲ್ಲಿ ಪೆನ್ನಿನಲ್ಲಿ "ರಿವಿಷನ್" ಅಂತ ಒಂದೇ ಪದ ಬರೆದಿತ್ತು. ನಾನು ಸಹಿ ಹಾಕಿದೆ.

ಒಳಗಿನ ಚೀಲದಂಥ ಜಾಗವನ್ನು ಕೆಳಗಿನಿಂದ ಹೊಲಿದು ಚಿಕ್ಕದು ಮಾಡಿ, ಅದೇ ಇಂಪ್ಲಾಂಟ್ ವಾಪಸ್ ಇಟ್ಟರು. ಐದು ವಾರ ಚೆನ್ನಾಗಿತ್ತು. ಆರನೇ ವಾರದಲ್ಲಿ ಒಂದು ದಿನ ಬೆಳಿಗ್ಗೆ ಮಗಳಿಗೆ ಬಗ್ಗಿ ಜಡೆ ಹಾಕುತ್ತಿದ್ದೆ. ಬಲಗಡೆ ಒಳಗೆ ದಾರ ಬಿಟ್ಟುಕೊಂಡ ಹಾಗೆ ಚುರುಕ್ ಅಂತು. ನೋವು ಜಾಸ್ತಿ ಇರಲಿಲ್ಲ. ಆದರೆ ಗೊತ್ತಾಯಿತು. ಬಾಚಣಿಗೆ ಹಿಡಿದುಕೊಂಡೇ ಹಾಸಿಗೆ ಮೇಲೆ ಕೂತೆ. "ಏನಾಯ್ತಮ್ಮ" ಅಂತ ಅವಳು ತಿರುಗಿ ನೋಡುತ್ತಿದ್ದಳು. ಹದಿನೈದು ದಿನದಲ್ಲಿ ಇಂಪ್ಲಾಂಟ್ ಮೊದಲಿಗಿಂತ ಕೆಳಗೆ ಬಂತು.

ಕ್ಲಿನಿಕ್‌ನವರು ಮೂರನೇ ಸಲಕ್ಕೂ ರೆಡಿ ಇದ್ದರು. ಈ ಸಲ ತರಿ ಮೇಲ್ಮೈ ಇರುವ ಟೆಕ್ಸ್ಚರ್ಡ್ ಇಂಪ್ಲಾಂಟ್ ಹಾಕೋಣ, ಅದು ಅಂಟಿಕೊಂಡಿರುತ್ತೆ, ಜಾರಲ್ಲ ಅಂದರು. ಜಾರುವುದು ಕಡಿಮೆ ಅನ್ನುವುದು ನಿಜ. ಆದರೆ ಅಲರ್ಗಾನ್ ಕಂಪನಿ ತನ್ನ ಬಯೋಸೆಲ್ ತರಿ ಮೇಲ್ಮೈಯ ಇಂಪ್ಲಾಂಟ್‌ಗಳನ್ನು 2019ರ ಜುಲೈನಲ್ಲಿ ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಿತು. ಇಂಪ್ಲಾಂಟ್ ಸುತ್ತ ಹುಟ್ಟುವ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರ್‌ಗೂ ಅದಕ್ಕೂ ನಂಟು ಕಂಡು, ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಹಾಗೆ ಮಾಡಲು ಹೇಳಿತ್ತು. ಎಲ್ಲ ಟೆಕ್ಸ್ಚರ್ಡ್ ಇಂಪ್ಲಾಂಟ್ ವಾಪಸ್ ಹೋಗಿಲ್ಲ. ಹಾಗಂತ ಈ ವಿಷಯ ತಿಳಿಸದೆ ನನ್ನ ಮೈಯೊಳಗೆ ಅದನ್ನು ಹಾಕುತ್ತೇನೆ ಅನ್ನುವುದು ಸರಿನಾ? ಅಲ್ಲಿಗೆ ಆ ಕ್ಲಿನಿಕ್ ಮೇಲಿದ್ದ ನಂಬಿಕೆ ಮುಗಿಯಿತು.

ಬೇರೆ ಡಾಕ್ಟರ ಹತ್ತಿರ ಹೋಗಲು ಮೊದಲು ನನ್ನ ಫೈಲ್ ಬೇಕಿತ್ತು. ಬಾಯಲ್ಲಿ ಕೇಳಿದಾಗ ನಾಳೆ ಬನ್ನಿ, ಸರ್ ಇಲ್ಲ ಅನ್ನುತ್ತಿದ್ದರು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮಗಳಲ್ಲೇ ಇದೆ. ಅದನ್ನೇ ಬರೆದು ಇಮೇಲ್ ಮಾಡಿದೆ, ಒಂದು ಪ್ರತಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿದೆ. ಒಂಬತ್ತನೇ ದಿನ ಕೊಟ್ಟರು. ಇಂಪ್ಲಾಂಟ್ ಡಬ್ಬದಲ್ಲಿ ಕಂಪನಿ, ಅಳತೆ, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ. ನಮಗೆ ಕೊಡುವ ಕಾರ್ಡಿನ ಮೇಲೆ ಅದನ್ನು ಅಂಟಿಸಬೇಕು. ನನ್ನದು ಒಂದು ಹಾಳೆಯ ಹಿಂದೆ ಪಿನ್ ಹೊಡೆದು ಬಿದ್ದಿತ್ತು. ದಯವಿಟ್ಟು ಡಿಸ್ಚಾರ್ಜ್ ದಿನವೇ ಆ ಕಾರ್ಡ್ ಕೇಳಿ ತಗೊಳ್ಳಿ. ನಾಳೆ ಯಾವುದೋ ಇಂಪ್ಲಾಂಟ್ ವಾಪಸ್ ಕರೆದರೆ ನಿಮ್ಮದು ಅದೇನಾ ಅಂತ ತಿಳಿಯಲು ಬೇರೆ ಸುಲಭ ದಾರಿ ಇರುವುದಿಲ್ಲ.

ಎರಡನೇ ಅಭಿಪ್ರಾಯಕ್ಕೆ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಹೋದೆ. ಆ ಡಾಕ್ಟರಮ್ಮ ನಲವತ್ತು ನಿಮಿಷ ಕೊಟ್ಟರು. ನಿಲ್ಲಿಸಿ, ಮಲಗಿಸಿ, ಎರಡೂ ಕೈ ಮೇಲೆತ್ತಿಸಿ ನೋಡಿದರು. ನನ್ನ ಸ್ತನದ ತಳದ ಅಗಲ ಟೇಪಿನಲ್ಲಿ ಅಳೆದರು. ಹನ್ನೊಂದೂವರೆ ಸೆಂಟಿಮೀಟರ್. ಆಮೇಲೆ ಸ್ಟಿಕ್ಕರ್ ನೋಡಿದರು. ಇಂಪ್ಲಾಂಟ್ ಅಗಲ ಹದಿಮೂರು. "ನೋಡಮ್ಮ, ಜಾಗಕ್ಕಿಂತ ದೊಡ್ಡದನ್ನ ಕೂರಿಸಿದ್ದಾರೆ. ಅದೂ ಮಾಂಸಖಂಡದ ಮೇಲೆ, ಬರೀ ಚರ್ಮದ ಆಸರೆಯಲ್ಲಿ. ಅದೇ ಭಾರ ವಾಪಸ್ ಇಟ್ಟು ಹೊಲಿದ್ರೆ ಹೊಲಿಗೆ ಎಷ್ಟು ದಿನ ತಡೆಯುತ್ತೆ?" ಅಂದರು. ಈ ಒಂದು ಲೆಕ್ಕವನ್ನು ಮೊದಲೇ ಯಾರಾದರೂ ನನ್ನ ಮುಂದೆ ಇಟ್ಟಿದ್ದರೆ ಎರಡನೇ ಸಲ ಓಟಿ ಒಳಗೆ ಕಾಲೇ ಇಡುತ್ತಿರಲಿಲ್ಲ.

ಎಲ್ಲಿಗೆ ಜಾರಿದೆ ಅನ್ನುವುದು ಕನ್ನಡಿಯಲ್ಲೇ ಕಾಣುತ್ತದೆ. ಯಾಕೆ ಜಾರಿದೆ ಅನ್ನುವುದನ್ನು ಡಾಕ್ಟರು ಹೇಳಬೇಕು. ಅಳತೆ ದೊಡ್ಡದಾಯ್ತಾ, ಒಳಗೆ ಜಾಗವನ್ನು ಜಾಸ್ತಿ ಬಿಡಿಸಿದರಾ, ಚರ್ಮ ಸೋತಿದೆಯಾ, ಇಲ್ಲಾ ಸುತ್ತ ಬೆಳೆದ ಪೊರೆ ಗಟ್ಟಿಯಾಗಿ ಹಿಂಡುತ್ತಿದೆಯಾ? ಕಾರಣವನ್ನು ನಿಮಗೆ ಅರ್ಥವಾಗುವ ಮಾತಲ್ಲಿ ಹೇಳದವರ ಕೈಗೆ ಎರಡನೇ ಸಲ ಮೈ ಕೊಡಬೇಡಿ. ಈ ಸಲ ಏನನ್ನು ಬೇರೆ ಮಾಡುತ್ತೀರಿ, ಮತ್ತೆ ಜಾರಿದರೆ ಮುಂದೇನು, ಖರ್ಚು ಯಾರದು, ಇದನ್ನೆಲ್ಲ ಬರೆಸಿಕೊಳ್ಳಿ. ಒಪ್ಪಿಗೆ ಪತ್ರವನ್ನು ಒಂದು ವಾರ ಮೊದಲೇ ಮನೆಗೆ ತಂದು ಓದಿ. ಅಮೆರಿಕದಲ್ಲಿ 2021ರಿಂದ ಇಂಪ್ಲಾಂಟ್ ಹಾಕುವ ಮೊದಲು ಅಪಾಯಗಳ ಒಂದು ಪಟ್ಟಿಯನ್ನು ರೋಗಿಯ ಜೊತೆ ಕೂತು ಓದಿಯೇ ಮುಂದೆ ಹೋಗಬೇಕು. ಇಂಪ್ಲಾಂಟ್ ಜೀವನಪೂರ್ತಿ ಬರುವ ವಸ್ತು ಅಲ್ಲ ಅನ್ನುವುದೂ ಅದರಲ್ಲಿ ಇದೆ. ನನಗೆ ಕ್ಲಿನಿಕ್‌ನಲ್ಲಿ ಹೇಳಿದ್ದು "ಲೈಫ್‌ಟೈಮ್" ಅಂತ.

ಡಾಕ್ಟರ ಡಿಗ್ರಿಯನ್ನೂ ನೋಡಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್, ಡಿಆರ್‌ಎನ್‌ಬಿ ಅಥವಾ ಡಿಎನ್‌ಬಿ ಇರಬೇಕು. ಗೋಡೆ ತುಂಬಾ ನೇತುಹಾಕಿದ ವಾರಾಂತ್ಯದ ಕೋರ್ಸುಗಳ ಸರ್ಟಿಫಿಕೇಟ್ ಅದಕ್ಕೆ ಸಮ ಅಲ್ಲ. ಕರ್ನಾಟಕದ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಇರಲೇಬೇಕಾದ ಕೆಪಿಎಂಇ ಕಾಯ್ದೆಯ ನೋಂದಣಿ ಪತ್ರ ರಿಸೆಪ್ಷನ್‌ನಲ್ಲಿ ಕಾಣುವಂತೆ ಹಾಕಿರಬೇಕು, ಇಲ್ಲದಿದ್ದರೆ ಕೇಳಿ. ಗ್ರಾಹಕರ ನ್ಯಾಯಾಲಯಕ್ಕೆ ಹೋಗುವುದಿದ್ದರೆ ಎರಡು ವರ್ಷದೊಳಗೆ ಹೋಗಬೇಕು, ನಾಚಿಕೊಂಡು ದಿನ ಕಳೆಯಬೇಡಿ.

ಈಗ ನನ್ನ ಮುಂದೆ ಎರಡು ದಾರಿ ಇವೆ. ಚಿಕ್ಕ ಇಂಪ್ಲಾಂಟ್ ತಗೊಂಡು, ಮಾಂಸಖಂಡದ ಕೆಳಗೆ ಹೊಸ ಜಾಗ ಮಾಡಿ, ಕೆಳಗೆ ಬಲೆಯಂಥ ಆಸರೆ ಕೊಟ್ಟು ಕೂರಿಸುವುದು ಒಂದು. ಪೂರ್ತಿ ತೆಗೆಸಿಬಿಡುವುದು ಇನ್ನೊಂದು. ಎರಡು ಸಲ ಕೊಯ್ದ ಜಾಗ ತೆಳ್ಳಗಾಗಿದೆ, ಮೊದಲಿನಷ್ಟು ಸುಲಭ ಅಲ್ಲ ಅಂತ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ತೆಗೆಸಿದರೆ ಚರ್ಮ ಜೋಲು ಬೀಳುತ್ತದೆ, ಅದನ್ನು ಎತ್ತಿ ಹೊಲಿಯಬೇಕಾಗಬಹುದು ಅಂತಲೂ ಹೇಳಿದ್ದಾರೆ. ಅವಸರ ಇಲ್ಲ, ಯೋಚನೆ ಮಾಡಿ ಬನ್ನಿ ಅಂದರು. ಇಷ್ಟು ದಿನದಲ್ಲಿ ಒಬ್ಬ ಡಾಕ್ಟರ ಬಾಯಿಂದ ಅವಸರ ಇಲ್ಲ ಅನ್ನುವ ಮಾತು ಕೇಳಿದ್ದು ಅದೇ ಮೊದಲು.

ತೆಗೆಸುವ ಕಡೆಗೇ ಮನಸ್ಸು ವಾಲುತ್ತಿದೆ. ಮೊನ್ನೆ ಯಜಮಾನರಿಗೂ ಅಕ್ಕನಿಗೂ ಎಲ್ಲ ಬಿಡಿಸಿ ಹೇಳಿದೆ. ಮುಂದಿನ ಸಲ ಆಸ್ಪತ್ರೆಗೆ ಅಕ್ಕ ಜೊತೆಗೆ ಬರುತ್ತಾಳೆ. ಕೇಳಬೇಕಾದ ಪ್ರಶ್ನೆಗಳನ್ನು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ, ಎರಡನೇ ಪುಟಕ್ಕೆ ಬಂದಿದೆ.