ಕರೆಂಟ್ ಹೋದರೆ ಮೊದಲು ಬಫ್ ಮಷೀನಿನ ಸ್ವಿಚ್ ಆಫ್ ಮಾಡಿ

ಮನೆಯಲ್ಲೇ ಮರಗೆಲಸ ಮಾಡಿ ಮಷೀನಿನಲ್ಲಿ ಪಾಲಿಶ್ ಹಿಡಿಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಗದ್ದಕ್ಕೆ ಆರು ಹೊಲಿಗೆ ಬಿದ್ದಿವೆ. ಕುತ್ತಿಗೆಯ ಸುತ್ತ ಎದ್ದ ಬರೆ ಇನ್ನೂ ಮಾಸಿಲ್ಲ.

ಕೊಪ್ಪಳದ ಭಾಗ್ಯನಗರದಲ್ಲಿ ನಮ್ಮ ಮನೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಸಾಗವಾನಿ ತುಂಡುಗಳಿಂದ ಕುಂಕುಮ ಭರಣಿ, ಸಣ್ಣ ಪೆಟ್ಟಿಗೆ ಮಾಡುತ್ತೇನೆ. ಚಿಕ್ಕಂದಿನಲ್ಲಿ ಕಿನ್ನಾಳದ ಗೊಂಬೆ ನೋಡಿ ಹಿಡಿದ ಹುಚ್ಚಿದು. 400 ನಂಬರ್ ಪೇಪರಿನವರೆಗೆ ತಿಕ್ಕಿದ ಮೇಲೂ ಹೊಳಪು ಸಾಲದೆನಿಸಿ, ಉಳಿ ಸಾಣೆ ಹಿಡಿಯುವ ಬೆಂಚ್ ಗ್ರೈಂಡರಿನ ಗಾರ್ಡ್ ತೆಗೆದು, ಕಲ್ಲಿನ ಜಾಗದಲ್ಲಿ 8 ಇಂಚಿನ ಬಟ್ಟೆ ಬಫ್, ಅಂದರೆ ಹೊಳಪು ಹಿಡಿಸುವ ಬಟ್ಟೆಯ ಚಕ್ರ, ಹಾಕಿಕೊಂಡೆ. ಬಟ್ಟೆಯ ಚಕ್ರ ತಾನೇ, ಇದೇನು ಮಾಡೀತು ಅಂದುಕೊಂಡಿದ್ದೆ.

ಅವತ್ತು ತಂಗಿಗೆಂದು ಮಾಡಿದ್ದ ಭರಣಿಗೆ ಮೇಣ ಹಿಡಿಸುತ್ತಿದ್ದೆ. ಮಟಮಟ ಮಧ್ಯಾಹ್ನ, ಬೆವರೊರೆಸಲು ಕೊರಳಲ್ಲಿ ಟವೆಲ್. ನಡುವೆ ಕರೆಂಟ್ ಹೋಯಿತು. ನಮ್ಮ ಕಡೆ ಅದೇನು ಹೊಸದಲ್ಲ, ಹಾಗಾಗಿ ಸ್ವಿಚ್ಚಿನ ಕಡೆ ಕೈ ಹೋಗಲೇ ಇಲ್ಲ. ಚಕ್ರ ನಿಂತಿದೆಯಲ್ಲ ಎಂದು ಬಗ್ಗಿ, ಬಫಿನ ಮಡಿಕೆಯಲ್ಲಿ ಗಟ್ಟಿಯಾಗಿ ಕೂತಿದ್ದ ಮೇಣವನ್ನು ಉಗುರಿನಿಂದ ಕೀಳತೊಡಗಿದೆ. ಟವೆಲಿನ ತುದಿ ಚಕ್ರದ ಮೇಲೆ ಜೋತಾಡುತ್ತಿತ್ತು.

ಕರೆಂಟ್ ಬಂತು.

ಕೂಗಲಿಕ್ಕೂ ಆಗಲಿಲ್ಲ. ಟವೆಲ್ ಸುತ್ತಿಕೊಂಡು ನನ್ನ ಮುಖವನ್ನು ಮಷೀನಿಗೆ ಎಳೆದು ಬಡಿಯಿತು, ಶಾಫ್ಟಿನ ನಟ್ಟು ಗದ್ದಕ್ಕೆ ಕೂತಿತು. ಮಜ್ಜಿಗೆ ತರುತ್ತಿದ್ದ ಮಗ ಲೋಟ ಬಿಸಾಕಿ ಓಡಿಬಂದು ಪ್ಲಗ್ ಕಿತ್ತ. "ಅಪ್ಪಾ, ಅಲುಗಾಡಬ್ಯಾಡ್ರಿ, ಬಿಚ್ಚತೀನಿ" ಅಂತ ಅಳುತ್ತಲೇ ಬ್ಲೇಡಿನಿಂದ ಟವೆಲ್ ಕೊಯ್ದ. ಶಾಫ್ಟಿಗೆ ಅದು ಹುರಿ ಹಗ್ಗದಂತೆ ಬಿಗಿದಿತ್ತು, ನನ್ನ ಗಡ್ಡದ ಕೂದಲೂ ಅದರೊಳಗೆ ಸಿಕ್ಕಿತ್ತು. ಅವನು ಎರಡು ನಿಮಿಷ ತಡವಾಗಿ ಬಂದಿದ್ದರೆ ಏನಾಗುತ್ತಿತ್ತೋ, ಯೋಚಿಸಿದರೆ ಈಗಲೂ ಕೈ ನಡುಗುತ್ತದೆ.

ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿದ್ದೀರಲ್ಲ? ಆಟೋ ಹಾಕಿರದಿದ್ದರೆ ಕರೆಂಟ್ ಹೋದಾಗ ಅದು ಬಿಟ್ಟುಕೊಳ್ಳುತ್ತದೆ, ಮತ್ತೆ ಬಟನ್ ಒತ್ತುವ ತನಕ ಮೋಟಾರ್ ಏಳುವುದಿಲ್ಲ. ನನ್ನ ಗ್ರೈಂಡರಿನಲ್ಲಿ ಇದ್ದದ್ದು ದೀಪದ ಸ್ವಿಚ್ಚಿನಂಥದ್ದು. ಒಮ್ಮೆ ಆನ್ ಮಾಡಿದರೆ ಕೈಯಿಂದ ಆಫ್ ಮಾಡುವವರೆಗೂ ಆನ್. ಈಗ ಪಂಪಿನದರಂತೆಯೇ ತಾನಾಗಿ ಬಿಟ್ಟುಕೊಳ್ಳುವ ಸ್ವಿಚ್ ಹಾಕಿಸಿದ್ದೇನೆ. ಅದಿದ್ದರೂ ಚಕ್ರ ಮುಟ್ಟುವ ಮುಂಚೆ ಪ್ಲಗ್ ಕೀಳುತ್ತೇನೆ.

ವೇಗದ ಲೆಕ್ಕವನ್ನು ನಾನು ಹಾಕಿದ್ದು ಹೊಲಿಗೆ ಬಿದ್ದ ಮೇಲೆ. ನನ್ನ ಮೋಟಾರ್ 2880 ಆರ್‌ಪಿಎಂನದು, ಅಂದರೆ ನಿಮಿಷಕ್ಕೆ 2880 ಸುತ್ತು. 8 ಇಂಚಿನ ಚಕ್ರದ ಅಂಚು ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 30 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 110 ಕಿಲೋಮೀಟರ್. ಮರಕ್ಕೆ ಇಷ್ಟು ಬೇಡವೇ ಬೇಡ. ಬಿಸಿಗೆ ಪಾಲಿಶ್ ಕರಗಿ ಕಲೆ ಬೀಳುತ್ತದೆ, ವಸ್ತು ಕೈಯಿಂದ ಕಿತ್ತುಕೊಂಡು ಹಾರುತ್ತದೆ. 1440ರ ಮೋಟಾರಿನಲ್ಲಿ ಅದೇ ಚಕ್ರದ ವೇಗ ಅರ್ಧಕ್ಕಿಳಿಯುತ್ತದೆ, ಹೊಳಪಿಗೆ ಅಷ್ಟು ಧಾರಾಳ ಸಾಕು.

ಇದಕ್ಕೂ ಒಂದು ತಿಂಗಳ ಮುಂಚೆ ಭರಣಿಯ ಮುಚ್ಚಳವೊಂದು ಹಾರಿ ತಗಡಿಗೆ ಬಡಿದಿತ್ತು. ಅಂಚನ್ನು ಚಕ್ರಕ್ಕೆ ಎದುರಾಗಿ ಒಡ್ಡಿದ್ದೆ, ಬಟ್ಟೆ ಅದನ್ನು ಕಚ್ಚಿಕೊಂಡಿತು. ಚಕ್ರ ನಿಮ್ಮ ಕಡೆ ಮೇಲಿನಿಂದ ಕೆಳಗೆ ತಿರುಗುತ್ತಿರಬೇಕು, ವಸ್ತುವನ್ನು ಅದರ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಬೇಕು, ಅಂಚನ್ನು ಬಟ್ಟೆ ಹೊರಳುವ ದಿಕ್ಕಿಗೇ ಬಿಟ್ಟುಕೊಡಬೇಕು. ಕೈಗವಸು ಬೇಡ, ಅದೂ ಟವೆಲಿನಂತೆಯೇ ಸುತ್ತಿಕೊಳ್ಳುತ್ತದೆ. ಹೆಣ್ಣುಮಕ್ಕಳು ಸೆರಗು, ವೇಲ್, ಜಡೆ ಬಿಗಿಯಾಗಿ ಕಟ್ಟಿಕೊಂಡೇ ಮಷೀನಿನ ಹತ್ತಿರ ಬನ್ನಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ.

ಇವತ್ತೇ ನಿಮ್ಮ ಮಷೀನ್ ಪರೀಕ್ಷೆ ಮಾಡಿ. ಹತ್ತಿರ ಯಾರೂ ಇಲ್ಲದಂತೆ ನೋಡಿಕೊಂಡು ಅದನ್ನು ಚಾಲೂ ಮಾಡಿ, ದೂರದಿಂದ ಗೋಡೆಯ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿ. ತಾನಾಗಿಯೇ ತಿರುಗಿತೆಂದರೆ ನಿಮ್ಮದೂ ನನ್ನ ಗ್ರೈಂಡರಿನಂಥದ್ದೇ. ಸ್ವಿಚ್ ಬದಲಿಸುವವರೆಗೆ ಬಫ್ ಬಿಚ್ಚಿಡಿ.