ಸೋಲಾರ್ ಪಂಪಿಗೆ ಪ್ಯಾನೆಲ್ ಸೇರಿಸುವ ಮುಂಚೆ ಡ್ರೈವ್ ಎಷ್ಟು ವೋಲ್ಟ್ ತಡೆಯುತ್ತೆ ನೋಡಿ

ನಾಗಮಂಗಲ ಕಡೆ ಬೋರ್‌ವೆಲ್‌ಗೆ ಸೋಲಾರ್ ಹಾಕಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ತೋಟದ 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರಿನ ಡ್ರೈವ್ (ಪ್ಯಾನೆಲ್ ಡಿಸಿ ಕರೆಂಟನ್ನು ಎಸಿ ಮಾಡಿ ಮೋಟಾರ್ ಓಡಿಸುವ ಪೆಟ್ಟಿಗೆ) ಸಂಕ್ರಾಂತಿ ಕಳೆದ ಮೇಲೆ ಸುಟ್ಟುಹೋಯಿತು. ಹಾಕಿಕೊಟ್ಟವರು "ಸಿಡಿಲು ಹೊಡೆದೈತೆ, ವಾರಂಟಿ ಬರಲ್ಲ ಕಣಣ್ಣ" ಅಂದುಬಿಟ್ಟರು. ಆ ವಾರವೆಲ್ಲ ಆಕಾಶದಲ್ಲಿ ಒಂದು ಮೋಡ ಇರಲಿಲ್ಲ.

ಮೊದಲು 540 ವಾಟ್‌ನ 14 ಪ್ಯಾನೆಲ್ ಸೀರೀಸ್‌ನಲ್ಲಿದ್ದವು (ಒಂದರ ಹಿಂದೆ ಒಂದು ಜೋಡಿಸಿದರೆ ವೋಲ್ಟ್ ಕೂಡುತ್ತಾ ಹೋಗುತ್ತೆ), ಚೆನ್ನಾಗೇ ನಡೀತಿತ್ತು. ಬೆಳಿಗ್ಗೆ ಬೇಗ ನೀರು ಎತ್ತುತ್ತೆ ಅಂತ ಹೇಳಿ ಅವರೇ ಅದೇ ಸಾಲಿಗೆ ಇನ್ನೆರಡು ಸೇರಿಸಿದರು. ಪ್ಯಾನೆಲ್ ಹಿಂದಿನ ಸ್ಟಿಕರ್‌ನಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಲೋಡ್ ಇಲ್ಲದಾಗಿನ ವೋಲ್ಟೇಜ್, 49.5 ಅಂತಿದೆ. ಹದಿನಾರಕ್ಕೆ 792 ವೋಲ್ಟ್. ನಮ್ಮ ಡ್ರೈವ್ ತಡೆಯೋದು 800. ಆದರೆ ಆ 49.5 ಅನ್ನೋದು ಪ್ಯಾನೆಲ್ 25 ಡಿಗ್ರಿಯಲ್ಲಿದ್ದಾಗಿನ ಲೆಕ್ಕ. ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತೆ, ಡಿಗ್ರಿಗೆ ಸುಮಾರು ಶೇ. 0.3ರಂತೆ. 15 ಡಿಗ್ರಿಯ ಬೆಳಿಗ್ಗೆ ಬಿಸಿಲು ಬಿದ್ದ ತಕ್ಷಣ 810 ದಾಟಿಬಿಡುತ್ತೆ.

ಡ್ರೈವ್ ಸುಮ್ಮನೇನೂ ಸಾಯಲಿಲ್ಲ. ಚಳಿ ಜೋರಾದ ಬೆಳಿಗ್ಗೆಗಳಲ್ಲಿ ಓವರ್ ವೋಲ್ಟೇಜ್ ಅಂತ ತೋರಿಸಿ ನಿಲ್ಲುತ್ತಿತ್ತು. ಫೋನ್ ಮಾಡಿದರೆ "ಆಫ್ ಮಾಡಿ ಆನ್ ಮಾಡಣ್ಣ, ಸರಿಹೋಯ್ತದೆ" ಅನ್ನೋರು. ಇಲ್ಲೇ ಇರೋದು ಅಪಾಯ. ಡ್ರೈವ್ ಟ್ರಿಪ್ ಆದರೆ ಮೋಟಾರ್ ಮಾತ್ರ ನಿಲ್ಲುತ್ತೆ, ಪ್ಯಾನೆಲ್ ವೋಲ್ಟೇಜ್ ಕಮ್ಮಿ ಆಗಲ್ಲ. ಲೋಡ್ ಇಲ್ಲದಿದ್ದರೆ ಇನ್ನೂ ಏರಿ ಒಳಗಿನ ಕೆಪಾಸಿಟರ್‌ಗಳ ಮೇಲೆ ಕೂರುತ್ತೆ. ಬೇರೆ ಮೆಕ್ಯಾನಿಕ್ ಬಂದು ಮುಚ್ಚಳ ಬಿಚ್ಚಿದಾಗ ಕೆಪಾಸಿಟರ್‌ಗಳ ತಲೆ ಉಬ್ಬಿ ಸೀಳಿತ್ತು, ಬೋರ್ಡೆಲ್ಲ ಮಸಿ.

ಆ ಮೆಕ್ಯಾನಿಕ್ಕೇ ಇನ್ನೂ ಮೂರು ತಪ್ಪು ತೋರಿಸಿದರು. ಹಾಕಿಕೊಟ್ಟವರು ಪ್ಯಾನೆಲ್ ಕಡೆಗೆ ಡಿಸಿ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಬದಲು ಮನೆಗೆ ಹಾಕೋ ಎಸಿ ಎಂಸಿಬಿ ಕೂರಿಸಿದ್ದರು. ಅಷ್ಟು ವೋಲ್ಟ್ ಡಿಸಿಯ ಕಿಡಿ ಅದರಲ್ಲಿ ಆರಲ್ಲ, ಪೆಟ್ಟಿಗೆಗೇ ಬೆಂಕಿ ಹತ್ತಬಹುದು. ಸಿಡಿಲಿನಿಂದ ನುಗ್ಗುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಇರಲೇ ಇಲ್ಲ. ಅರ್ಥಿಂಗ್ ಅಂತ ಹಸಿರು ವೈರನ್ನು ಸ್ಟ್ಯಾಂಡಿನ ಕಾಲಿಗೆ ಸುತ್ತಿ ಬಿಟ್ಟಿದ್ದರು, ಗುಂಡಿ ತೆಗೆದೇ ಇಲ್ಲ. ಏಪ್ರಿಲ್‌ನ ಗುಡುಗು ಮಳೆಗೆ ನಿಜವಾಗಲೂ ಸಿಡಿಲು ಬಂದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಹೊಸದಾಗಿ ಕೊಳ್ಳುವವರು ಎಚ್‌ಪಿ ಒಂದನ್ನೇ ನೋಡಬೇಡಿ. ಅಷ್ಟೇ ಎಚ್‌ಪಿಯ ನೆಲದ ಮೇಲಿಡುವ ಮೋಟಾರಿಗಿಂತ ಸಬ್‌ಮರ್ಸಿಬಲ್ ಹೆಚ್ಚು ಆಂಪಿಯರ್ ಎಳೆಯುತ್ತೆ. ಮೋಟಾರಿನ ನೇಮ್ ಪ್ಲೇಟಿನ ಆಂಪಿಯರ್‌ಗಿಂತ ಡ್ರೈವ್‌ನದು ಹೆಚ್ಚಿರಬೇಕು. ನೀರಿಲ್ಲದಾಗ ಮೋಟಾರ್ ತಾನೇ ನಿಲ್ಲುವಂತೆ ಡ್ರೈ ರನ್ ಸೆಟ್ ಮಾಡಿಸಿ. ಕನಿಷ್ಠ ವೇಗ 30 ಹರ್ಟ್ಸ್‌ಗಿಂತ ಕೆಳಗಿದ್ದರೆ ಮೋಟಾರಿನೊಳಗೆ ಭಾರ ಹೊರುವ ಥ್ರಸ್ಟ್ ಬೇರಿಂಗ್ ಸವೆಯುತ್ತೆ. ಬೋರ್ ಆಳವಿದ್ದು ಕೇಬಲ್ ಉದ್ದವಾದರೆ ಡ್ರೈವ್‌ನಿಂದ ಮೋಟಾರಿಗೆ ಹೋಗುವ ವೋಲ್ಟೇಜ್ ಏಟನ್ನು ತಗ್ಗಿಸುವ ಔಟ್‌ಪುಟ್ ಫಿಲ್ಟರ್ ಬೇಕೇ ಅಂತ ಕೇಳಿ, ಇಲ್ಲದಿದ್ದರೆ ವೈಂಡಿಂಗ್‌ಗೆ ಪೆಟ್ಟು. ಡ್ರೈವ್ ಪೆಟ್ಟಿಗೆಗೆ ನೆರಳಿರಲಿ.

ಎಷ್ಟು ಪ್ಯಾನೆಲ್ ಸೀರೀಸ್‌ನಲ್ಲಿದೆ, ಚಳಿಗೆ ಒಟ್ಟು ಎಷ್ಟು ವೋಲ್ಟ್ ಆಗುತ್ತೆ, ಡ್ರೈವ್ ಮಿತಿ ಎಷ್ಟು, ಈ ಮೂರನ್ನೂ ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆಯಲ್ಲ ಅನ್ನುವವರಿಗೆ ಅಡ್ವಾನ್ಸ್ ಕೊಡಬೇಡಿ.