ಕ್ಯಾನನ್ 200ಡಿ ಮತ್ತು ನಾಲ್ಕು ಲೆನ್ಸ್: ಏಳು ವರ್ಷ ಹೊತ್ತವಳ ಲೆಕ್ಕ

ನಮ್ಮ ಬೀದಿಯ ಕಿರಾಣಿ ಅಂಗಡಿಯ ತೂಕದ ಮಷೀನ್ ಮೇಲೆ ಒಂದು ಸಲ ನನ್ನ ಕ್ಯಾಮೆರಾ ಬ್ಯಾಗ್ ಇಟ್ಟಿದ್ದೆ. 4 ಕೆಜಿ 850 ಗ್ರಾಂ ಬಂತು. ಅಂಗಡಿಯವರು, "ಏನ್ ಮೇಡಂ, ಅಕ್ಕಿ ತುಂಬಿದೀರಾ?" ಅಂದರು. ಅದು 2018ರ ಡಿಸೆಂಬರ್. ಅವತ್ತು ರಾತ್ರಿಯೇ ಹಂಪಿಗೆ ಹೊರಡಬೇಕಿತ್ತು. ಒಂದು ಗ್ರಾಂ ಕೂಡ ಕಡಿಮೆ ಮಾಡದೆ ಹೊರಟೆ. ಈಗ ಅದೇ ಕ್ಯಾಮೆರಾ ತಗೊಂಡು ಪ್ರವಾಸ ಹೋದರೆ ಒಂದು ಕೆಜಿ ಮೇಲೆ ಸ್ವಲ್ಪ ಆಗುತ್ತದೆ, ಅಷ್ಟೇ. ಉಳಿದ ತೂಕ ಎಲ್ಲೆಲ್ಲಿ ಉದುರಿತು ಅಂತ ಹೇಳೋಕೆ ಈ ವಿಮರ್ಶೆ.

ಮೊದಲು ಸಾಮಾನು ಯಾವುದು ಅಂತ ಹೇಳಿಬಿಡ್ತೀನಿ. ಕ್ಯಾಮೆರಾ ಕ್ಯಾನನ್ ಇಒಎಸ್ 200ಡಿ. 24 ಮೆಗಾಪಿಕ್ಸೆಲ್‌ನ ಡಿಎಸ್ಎಲ್ಆರ್, ಅಂದರೆ ಲೆನ್ಸ್ ಬಿಚ್ಚಿ ಬದಲಾಯಿಸಬಹುದಾದ ಥರದ್ದು. ಮಾಡೆಲ್ ಬಂದದ್ದು 2017ರಲ್ಲಿ, ನಾನು ಕೊಂಡಿದ್ದು ಮರುವರ್ಷ. ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಜೊತೆ ಬಂದ 18-55 ಲೆನ್ಸ್, ದೂರದ್ದಕ್ಕೆ 55-250, ಅಗಲಕ್ಕೆ 10-18, ಕತ್ತಲಿಗೆ ಎಫ್/1.8ರ 50 ಎಂಎಂ. ಈ ಎಂಎಂ ಅಂಕಿ ಚಿಕ್ಕದಾದರೆ ಅಗಲಕ್ಕೆ ಕಾಣುತ್ತದೆ, ದೊಡ್ಡದಾದರೆ ದೂರದ್ದು ಹತ್ತಿರ ಬರುತ್ತದೆ; ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತದೆ. ಎಲ್ಲವನ್ನೂ ಒಂದೇ ವರ್ಷದಲ್ಲಿ ಕೊಂಡೆ. ಹೊಸ ಹುಚ್ಚು, ಕೇಳ್ಬೇಡಿ.

ಬಾಡಿ, ಬ್ಯಾಟರಿ, ಕಾರ್ಡ್ ಸೇರಿ 453 ಗ್ರಾಂ. 18-55 ಲೆನ್ಸ್ 215 ಗ್ರಾಂ, 55-250 ಲೆನ್ಸ್ 375, 10-18 ಲೆನ್ಸ್ 240, 50 ಎಂಎಂ 160. ಕೂಡಿಸಿ ನೋಡಿ, 1443 ಗ್ರಾಂ. ಫೋಟೋ ತೆಗೆಯುವ ಸಾಮಾನೆಲ್ಲ ಸೇರಿದರೂ ಒಂದೂವರೆ ಕೆಜಿ ಇಲ್ಲ! ಹಾಗಾದರೆ ಉಳಿದ ಸುಮಾರು ಮೂರೂವರೆ ಕೆಜಿ ಏನು? ದಪ್ಪ ಫೋಮಿನ ಬ್ಯಾಗ್, ಟ್ರೈಪಾಡ್, ಫ್ಲ್ಯಾಶ್, ಅದಕ್ಕೆ ನಾಲ್ಕು ಸೆಲ್, ಇರಲಿ ಅಂತ ಇನ್ನೂ ನಾಲ್ಕು ಸೆಲ್, ಚಾರ್ಜರ್‌ಗಳು, ಫಿಲ್ಟರ್ ಡಬ್ಬಿಗಳು. ಲೆನ್ಸ್ ಮುಂದೆ ಹಾಕುವ ಈ ಫಿಲ್ಟರ್ ಗಾಜು ಕೂಡ ಒಂದೇ ಅಳತೆ ಎಲ್ಲಕ್ಕೂ ಆಗೋದಿಲ್ಲ. 18-55 ಮತ್ತು 55-250ಕ್ಕೆ 58 ಎಂಎಂ, 10-18ಕ್ಕೆ 67, 50 ಎಂಎಂ ಲೆನ್ಸಿಗೆ 49. ಕಾಯಿಗಿಂತ ಸಿಪ್ಪೆ ಭಾರ ಅನ್ನೋ ಹಾಗಾಗಿತ್ತು. ಈ ಲೆಕ್ಕ ನನಗೆ ಹೊಳೆಯೋಕೆ ಎರಡು ವರ್ಷ ಹಿಡೀತು. ಅಲ್ಲೀವರೆಗೆ "ಲೆನ್ಸ್ ಜಾಸ್ತಿ ಆಯ್ತು" ಅಂತಲೇ ಅಂದುಕೊಂಡಿದ್ದೆ.

ಹಂಪಿಗೆ ನಾವು ಹೋಗಿದ್ದು ಐದು ಜನ. ನಾನು, ಯಜಮಾನರು, ಇಬ್ಬರು ಮಕ್ಕಳು, ಅತ್ತೆ. ಮೊದಲ ದಿನ ಯಜಮಾನರು, "ಕೊಡು ಇಲ್ಲಿ, ನಾನು ಹಿಡ್ಕೋತೀನಿ" ಅಂದರು. ಎರಡನೇ ದಿನ ಅನ್ನಲಿಲ್ಲ. ಅತ್ತೆ ಮಾತ್ರ, "ನಿನ್ನ ಚೀಲಕ್ಕೂ ಒಂದು ಸೀಟು ತಗೋಬೇಕಿತ್ತು ಕಣಮ್ಮ" ಅಂತ ಬಸ್ಸಲ್ಲೇ ಹೇಳಿದ್ದರು. ವಿಜಯ ವಿಠ್ಠಲ ದೇವಸ್ಥಾನದ ಗೇಟಲ್ಲಿ ಟ್ರೈಪಾಡ್ ಒಳಗೆ ಬಿಡಲಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹಾಕೋಕೆ ಮೊದಲೇ ಅನುಮತಿ ಪಡೆದಿರಬೇಕು. ಅದು ತಿಳಿದುಕೊಳ್ಳದೆ ಹೋದದ್ದು ನನ್ನದೇ ತಪ್ಪು. ಅಲ್ಲಿಗೆ ಬ್ಯಾಟರಿ ಗಾಡಿಯಲ್ಲಿ ಬಂದಿದ್ದೆವು. ನಮ್ಮ ವಾಹನ ನಿಂತದ್ದು ದೂರದಲ್ಲಿ. ಕೊನೆಗೆ ಯಜಮಾನರು ಟ್ರೈಪಾಡ್ ಹಿಡಿದು ಹೊರಗೆ ಮರದಡಿ ಕೂತರು. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥವನ್ನು ಅವರು ಆವತ್ತು ನೋಡಿದ್ದು ನನ್ನ ಕ್ಯಾಮೆರಾ ಸ್ಕ್ರೀನಲ್ಲಿ. ಅದನ್ನು ಈಗಲೂ ಆಡಿ ತೋರಿಸುತ್ತಾರೆ.

ಮರುದಿನ ವಿರೂಪಾಕ್ಷ ದೇವಸ್ಥಾನ. ಅಲ್ಲಿ ಹಿಂಬದಿಯಲ್ಲಿ ಒಂದು ಕತ್ತಲ ಜಾಗ, ಗೋಡೆಯಲ್ಲಿ ಸಣ್ಣ ಕಿಂಡಿ. ಆ ಕಿಂಡಿಯಿಂದ ಬಂದ ಬೆಳಕಿನಲ್ಲಿ ರಾಜಗೋಪುರದ ನೆರಳು ಎದುರು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಲೆನ್ಸೂ ಇಲ್ಲ, ಏನೂ ಇಲ್ಲ. ಒಂದು ತೂತು, ಒಂದು ಗೋಡೆ, ಒಂಬತ್ತು ಅಂತಸ್ತಿನ ಗೋಪುರ. ಮಗಳಿಗೆ ಆಗ ಒಂಬತ್ತು ವರ್ಷ. ಕೈಯಲ್ಲಿದ್ದ ಡ್ರಾಯಿಂಗ್ ಪುಸ್ತಕ ತೆಗೆದು ಬೆಳಕಿಗೆ ಅಡ್ಡ ಹಿಡಿದಳು. ಬಿಳಿ ಹಾಳೆ ಮೇಲೆ ಗೋಪುರ ಸ್ಪಷ್ಟವಾಗಿ ಬಂತು. "ಅಮ್ಮಾ, ಗೋಪುರ ನನ್ನ ಬುಕ್ಕಲ್ಲಿ ಉಲ್ಟಾ ನಿಂತಿದೆ!" ನಾನು ಆಗ ಏನು ಮಾಡ್ತಿದ್ದೆ? 10-18 ಬಿಚ್ಚಿ 50 ಎಂಎಂ ಹಾಕ್ತಿದ್ದೆ. ಒಂದು ಮುಚ್ಚಳ ಹಲ್ಲಲ್ಲಿ, ಇನ್ನೊಂದು ಕಂಕುಳಲ್ಲಿ. ಲೆನ್ಸ್ ಕಟಕ್ ಅಂತ ಕೂರುವ ಹೊತ್ತಿಗೆ ಹಿಂದಿನ ಗುಂಪು ನುಗ್ಗಿತು, ಗೈಡ್ ನಮ್ಮನ್ನು ಮುಂದೆ ಕಳಿಸಿದರು. ಆ ಫೋಟೋ ನಮ್ಮ ಮನೆಯಲ್ಲಿದೆ. ತೆಗೆದದ್ದು ಯಜಮಾನರು, ಆರು ಸಾವಿರದ ಫೋನಲ್ಲಿ. ಸ್ವಲ್ಪ ಅಲ್ಲಾಡಿದೆ, ಆದರೂ ಇದೆಯಲ್ಲ.

ಆಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಪ್ರವಾಸ ಮುಗಿದ ಮೇಲೆ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ, ಯಾವ ಲೆನ್ಸಲ್ಲಿ ಎಷ್ಟು ಅಂತ ನೋಡೋದು. ಪ್ರತಿ ಫೋಟೋ ಜೊತೆ ಆ ಮಾಹಿತಿ ಇದ್ದೇ ಇರುತ್ತದೆ, ಸುಮ್ನೆ ಲೆನ್ಸ್ ಹೆಸರಿನ ಪ್ರಕಾರ ವಿಂಗಡಿಸಿದರೆ ಸಾಕು. ಎಷ್ಟು ತೆಗೆದೆ ಅನ್ನೋದಕ್ಕಿಂತ ಎಷ್ಟು ಉಳಿಸಿಕೊಂಡೆ ಅನ್ನೋದನ್ನು ನೋಡಬೇಕು. ನನಗೆ ಹತ್ತರಲ್ಲಿ ಏಳೆಂಟು 18-55ರವೇ ಬರ್ತಿದ್ದವು. ಆ ಲೆನ್ಸ್ ಬಗ್ಗೆ ಎಲ್ಲರೂ ಮೂಗು ಮುರೀತಾರೆ, "ಕಿಟ್ ಲೆನ್ಸಾ?" ಅಂತ, ಕ್ಯಾಮೆರಾ ಜೊತೆಗೇ ಬರೋದು ಅನ್ನೋ ಕಾರಣಕ್ಕೆ. ಮುರೀಲಿ ಬಿಡಿ.

ನಮ್ಮೂರು ಹಾಸನ. ನೆಂಟರು ಬಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ತೋರಿಸಲೇಬೇಕು. ಹಾಗಾಗಿ ಈ ಮೂರು ಜಾಗ ನನಗೆ ಪರೀಕ್ಷೆ ಕೊಠಡಿ ಇದ್ದ ಹಾಗೆ. ಹಳೇಬೀಡಿನಲ್ಲಿ ಗೋಡೆ ಸುತ್ತ ಆನೆ, ಕುದುರೆ ಸಾಲುಗಳು ಕಣ್ಣೆತ್ತರದಲ್ಲೇ ಇವೆ. 18-55 ಸಾಕು. ಬೇಲೂರು ಹಾಗಲ್ಲ. ಮದನಿಕೆಯರು ಇರೋದು ಮೇಲೆ, ಸೂರಿನ ಕೆಳಗೆ. ಒಟ್ಟು 42 ಅಂತಾರೆ, ಅದರಲ್ಲಿ 38 ಹೊರಗೆ. ಅವರ ಬೆರಳು, ಬಳೆ, ಕೂದಲಿನ ಗಂಟು ಕಾಣಬೇಕಂದ್ರೆ 55-250 ಬೇಕು. ದೂರದ ಲೆನ್ಸ್ ಅಂದರೆ ಕಾಡುಪ್ರಾಣಿಗೆ ಅಂತ ತಿಳಿದವರು ಒಮ್ಮೆ ಬೇಲೂರಿಗೆ ತಗೊಂಡು ಹೋಗಿ ನೋಡಿ. ಒಳಗೆ ನವರಂಗ, ಅಂದರೆ ಕಂಬಗಳ ಮಂಟಪ ಮಾತ್ರ ಕತ್ತಲು. ಅಲ್ಲಿ 50 ಎಂಎಂ ಕೈ ಹಿಡಿಯುತ್ತದೆ. 18-55 ಲೆನ್ಸನ್ನು 50ರ ಸುತ್ತಮುತ್ತ ಇಟ್ಟರೆ ಅದು ಎಫ್/5.6ಕ್ಕೆ ನಿಲ್ಲುತ್ತದೆ. 1.8 ಅಂದರೆ ಅದರ ಒಂಬತ್ತು ಪಟ್ಟಿಗಿಂತ ಜಾಸ್ತಿ ಬೆಳಕು. ಆದರೆ ಈ ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಭಾಗ) ಸ್ವಲ್ಪ ಚಿಕ್ಕದು, ಹಾಗಾಗಿ ಇದರಲ್ಲಿ 50 ಅನ್ನೋದು 80ರ ಹಾಗೆ ಕಾಣುತ್ತದೆ. ಮುಖಕ್ಕೆ ಚೆಂದ, ಪೂರ್ತಿ ಛಾವಣಿಗೆ ಆಗೋದಿಲ್ಲ. ಗೋಡೆಗೆ ಬೆನ್ನು ಆನಿಸಿದರೂ ಆಗೋದಿಲ್ಲ.

ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಕು. ಬಿಸಿಲೇರಿದರೆ ಕಲ್ಲು ಕಾವಲಿ. ಬ್ಯಾಗಿನ ತೂಕ ನಿಜವಾಗಿ ಗೊತ್ತಾಗೋದು ಅಲ್ಲಿ. ಈಗ ಅಲ್ಲಿಗೆ ಬಾಡಿ ಮತ್ತು 18-55 ಅಷ್ಟೇ, ಕೊರಳಿಗೆ ಹಾಕಿಕೊಂಡು ಹೋಗ್ತೀನಿ. 200ಡಿಯ ಹೊರಕ್ಕೆ ಮಡಚುವ ಸ್ಕ್ರೀನ್‌ಗೆ ನಾನು ಪೂರ್ತಿ ಅಂಕ ಕೊಡೋದು ಅಲ್ಲೇ. ಕ್ಯಾಮೆರಾವನ್ನು ಮೊಣಕಾಲ ಹತ್ತಿರ ಇಟ್ಟು, ಸ್ಕ್ರೀನ್ ಮೇಲಕ್ಕೆ ತಿರುಗಿಸಿದರೆ, ಮುಂದೆ ನಿಂತ ಮಗನೂ ಹಿಂದಿನ ಬಾಹುಬಲಿಯೂ ಒಂದೇ ಚೌಕಟ್ಟಿನಲ್ಲಿ ಬರ್ತಾರೆ. ನೆಲದ ಮೇಲೆ ಮಲಗಬೇಕಾಗಿಲ್ಲ. ಸೀರೆ ಉಟ್ಟವರಿಗೆ ಇದರ ಬೆಲೆ ಗೊತ್ತು.

ಕಬಿನಿಗೆ ಒಂದು ಬೇಸಿಗೆಯಲ್ಲಿ ಹೋಗಿದ್ದೆವು. ಹಿನ್ನೀರು ಇಳಿದಾಗ ಆನೆಗಳು ದಂಡೆಗೆ ಹಿಂಡು ಹಿಂಡಾಗಿ ಬರುತ್ತವೆ. ಅಲ್ಲಿ 55-250 ಬಿಟ್ಟು ಹೋದರೆ ಪಶ್ಚಾತ್ತಾಪ ಗ್ಯಾರಂಟಿ. ಈ ಬಾಡಿಯಲ್ಲಿ ಅದು 400 ಎಂಎಂ ಹಾಗೆ ಕೆಲಸ ಮಾಡುತ್ತದೆ, ಬೋಟಿಂದ ಆನೆಗೆ ಧಾರಾಳ. ಆದರೆ ಸಂಜೆ ಆರರ ಮೇಲೆ ಬೆಳಕು ಸಾಲದು, ಐಎಸ್ಒ (ಕಡಿಮೆ ಬೆಳಕಲ್ಲೂ ಚಿತ್ರ ಬೆಳಗಿಸುವ ಸೆಟ್ಟಿಂಗ್) ಏರಿಸಿ ಏರಿಸಿ ಚಿತ್ರವೆಲ್ಲ ರವೆ ರವೆ. ಜೀಪಿನ ಕಂಬಿ ಮೇಲೆ ಲೆನ್ಸ್ ಇಡೋಕೆ ನನ್ನ ಉಪಾಯ ಒಂದಿದೆ. ಖಾಲಿ ಬಟ್ಟೆ ಚೀಲ ತಗೊಂಡು ಹೋಗೋದು, ದಾರಿಯ ಅಂಗಡಿಯಲ್ಲಿ ಒಂದು ಕೆಜಿ ರಾಗಿ ಕೊಂಡು ತುಂಬಿ ಬಾಯಿ ಕಟ್ಟೋದು. ಲೆನ್ಸ್ ಅದರಲ್ಲಿ ಹೂತುಕೊಂಡು ಅಲ್ಲಾಡದೆ ಕೂರುತ್ತದೆ. ವಾಪಸ್ ಬಂದ ಮೇಲೆ ಆ ರಾಗಿ ಮಿಲ್ಲಿಗೆ. ಅತ್ತೆ ಒಪ್ಪಿಕೊಂಡ ನನ್ನ ಏಕೈಕ ಕ್ಯಾಮೆರಾ ಸಾಮಾನು ಇದು. ಇನ್ನೊಂದು ಮಾತು, ಸಫಾರಿಯಲ್ಲಿ ಲೆನ್ಸಿನ ಅಳತೆ ನೋಡಿ ಪ್ರತ್ಯೇಕ ಕ್ಯಾಮೆರಾ ಶುಲ್ಕ ಇರುತ್ತದೆ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಗೋಕರ್ಣದಲ್ಲಿ ಸಮುದ್ರದ ಗಾಳಿಗೆ ಎದುರಾಗಿ ನಿಂತು ಲೆನ್ಸ್ ಬದಲಾಯಿಸಿದೆ. ಮನೆಗೆ ಬಂದು ನೋಡಿದರೆ ಪ್ರತಿ ಆಕಾಶದಲ್ಲೂ ಅದೇ ಮೂಲೆಯಲ್ಲಿ ಅದೇ ಮಸಿ ಚುಕ್ಕೆ. ಸೆನ್ಸರ್ ಮೇಲೆ ಧೂಳು. ಬೆಂಗಳೂರಿಗೆ ಹೋಗಿ ಕ್ಲೀನ್ ಮಾಡಿಸಿದೆ. ಈ ಬಾಡಿಗೆ ಧೂಳು, ನೀರು ತಡೆಯುವ ಸೀಲಿಂಗ್ ಇಲ್ಲ. ಅದು ಗೊತ್ತಿದ್ದೇ ಕೊಳ್ಳಬೇಕು. ಜೋಗದ ಮಳೆಗಾಲದಲ್ಲಿ ಅಡುಗೆಮನೆಯ ಪ್ಲಾಸ್ಟಿಕ್ ಕವರಿಗೆ ತೂತು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಕೆಲಸ ನಡೆಸಿದೆ. ಎಸಿ ರೂಮಿಂದ ಹೊರಗೆ ತಂದ ಕೂಡಲೇ ಲೆನ್ಸ್ ಮಂಜುಗಟ್ಟಿದರೆ ಒರೆಸಬೇಡಿ. ಬ್ಯಾಗಿನೊಳಗೇ ಅರ್ಧ ಗಂಟೆ ಬಿಡಿ, ತಾನೇ ಹೋಗುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಪ್ರವಾಸದಲ್ಲಲ್ಲ. ನನ್ನ ತವರು ಸಕಲೇಶಪುರದ ಕಡೆ. ಒಂದು ಮಳೆಗಾಲ ಪೂರ್ತಿ 10-18 ಲೆನ್ಸನ್ನು ಬ್ಯಾಗಿನಲ್ಲೇ ಬಿಟ್ಟು, ಬ್ಯಾಗನ್ನು ಅಲ್ಲಿನ ಬೀರುವಿನಲ್ಲಿ ಮರೆತು ಬಂದೆ. ದೀಪಾವಳಿಗೆ ತೆಗೆದು ಬೆಳಕಿಗೆ ಹಿಡಿದರೆ ಗಾಜಿನೊಳಗೆ ಜೇಡರ ಬಲೆ ಥರ ಎಳೆ ಎಳೆ. ಫಂಗಸ್. ರಿಪೇರಿಗೆ ಕೇಳಿದ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಸೆಕೆಂಡ್ ಹ್ಯಾಂಡ್ ಲೆನ್ಸೇ ಬರ್ತಿತ್ತು. ಈಗ ಎಲ್ಲ ಲೆನ್ಸೂ ಗಾಳಿಯಾಡದ ಉಪ್ಪಿನಕಾಯಿ ಡಬ್ಬಿಯಂಥ ದೊಡ್ಡ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ. ಅಕ್ಕಿ ಹಾಕಿಡಿ ಅಂತ ಯಾರೋ ಹೇಳಿದ್ದರು. ಬೇಡ, ಅದರ ಪುಡಿ ಇನ್ನೊಂದು ತಲೆನೋವು.

ಆ ಲೆನ್ಸ್ ಹೋದದ್ದು ಬೇಜಾರಾಗಿತ್ತು. ಆದರೆ ಮುಂದಿನ ಪ್ರವಾಸದಲ್ಲಿ ಅದರ ನೆನಪೇ ಆಗಲಿಲ್ಲ. ಜೈಪುರದಲ್ಲಿ ಹವಾ ಮಹಲ್ ಎದುರು ರಸ್ತೆಯಲ್ಲಿ ನಿಂತಾಗ ಒಂದೇ ಒಂದು ಸಲ ಬೇಕಿತ್ತು ಅನ್ನಿಸಿತು. ಅಷ್ಟರಲ್ಲಿ ಮಗ ತನ್ನ ಅಪ್ಪನ ಹೊಸ ಫೋನಿನ ಅಗಲದ ಲೆನ್ಸಲ್ಲಿ ತೆಗೆದು ತೋರಿಸಿದ. ಹಗಲಿನಲ್ಲಿ ಅಗಲದ ಚಿತ್ರಕ್ಕೆ ಈಗ ಫೋನೇ ಸಾಕು, ಇದನ್ನು ಒಪ್ಪಿಕೊಳ್ಳೋಕೆ ನನಗೆ ಸ್ವಲ್ಪ ಕಷ್ಟವಾಯಿತು. ಅದೇ ವಿಮಾನ ಪ್ರಯಾಣದಲ್ಲಿ ಇನ್ನೊಂದು ಪಾಠ. ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ, ಸ್ಪೇರ್ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕುವ ಹಾಗಿಲ್ಲ. ಹಳೇ ಬ್ಯಾಗೇ ಆಗಿದ್ದರೆ ಆ ಮಿತಿಯ ಸುಮಾರು ಮೂರರಲ್ಲಿ ಎರಡು ಪಾಲು ಅದೇ ತಿಂದುಬಿಡುತ್ತಿತ್ತು.

ಈಗ ನನ್ನ ಖಾಯಂ ಜೋಡಿ: ಬಾಡಿ, 18-55, ಜೇಬಿಗೆ 50 ಎಂಎಂ. ಒಂದು ಸ್ಪೇರ್ ಬ್ಯಾಟರಿ. ಕಂಪನಿ ಲೆಕ್ಕದಲ್ಲಿ ಒಂದು ಚಾರ್ಜಿಗೆ ಸುಮಾರು 650 ಫೋಟೋ. ನನ್ನ ಏಳು ವರ್ಷದ ಬ್ಯಾಟರಿ ಅಷ್ಟು ಎಳೆಯೋದಿಲ್ಲ, ಸ್ಕ್ರೀನ್ ನೋಡಿಕೊಂಡೇ ತೆಗೆದರೆ ಇನ್ನೂ ಕಡಿಮೆ. ಯುಎಸ್‌ಬಿಯಲ್ಲಿ ಚಾರ್ಜ್ ಆಗದ ಕಾರಣ ಚಾರ್ಜರ್ ಒಂದು ಹೊರಲೇಬೇಕು, ಅದು ಕಿರಿಕಿರಿಯೇ. ಫೋಮಿನ ಬ್ಯಾಗ್ ಅಟ್ಟದ ಮೇಲಿದೆ. ಕ್ಯಾಮೆರಾವನ್ನು ಹಳೇ ಟವೆಲಿನಲ್ಲಿ ಸುತ್ತಿ ಮಾಮೂಲಿ ಹೆಗಲ ಚೀಲಕ್ಕೆ ಹಾಕ್ತೀನಿ. ಕದಿಯುವವರ ಕಣ್ಣಿಗೂ ಬೀಳೋದಿಲ್ಲ. ಟ್ರೈಪಾಡ್ ಮೈಸೂರು ಅರಮನೆಯ ದೀಪಾಲಂಕಾರಕ್ಕೆ ಒಂದೇ ಒಂದು ಸಲ ಸಾರ್ಥಕವಾಯಿತು, ಅದೂ ಒಂದು ಮಾಮೂಲಿ ಭಾನುವಾರ. ದಸರಾ ಗುಂಪಿನಲ್ಲಿ ಅದರ ಕಾಲಿಗೆ ಎಡವಿದವರು ನನ್ನನ್ನು ಬೈದದ್ದೇ ಬಂತು. ಫ್ಲ್ಯಾಶನ್ನು ನಾದಿನಿ ಮಗನಿಗೆ ಕೊಟ್ಟೆ.

55-250 ತಗೊಂಡು ಹೋಗೋದು ಮಾತ್ರ ಊರು ನೋಡಿಕೊಂಡು. ನಾನು ಕೇಳಿಕೊಳ್ಳೋ ಪ್ರಶ್ನೆ ಒಂದೇ: ಈ ಲೆನ್ಸ್ ಹಾಕುವಾಗ ಯಾರು ಕಾಯ್ತಿರ್ತಾರೆ? ಬೋಟಿನಲ್ಲಿ ಎಲ್ಲರೂ ಕೂತೇ ಇರ್ತಾರೆ, ಪರವಾಗಿಲ್ಲ. ಬಿಸಿಲಲ್ಲಿ ನಿಂತ ಅತ್ತೆ, ಐಸ್‌ಕ್ಯಾಂಡಿ ಕೇಳ್ತಿರೋ ಮಗ ಆದರೆ ಬೇಡ.

200ಡಿ ಈಗ ಹೊಸದು ಹುಡುಕಬೇಡಿ, 2019ರಲ್ಲೇ ಅದರ ಮುಂದಿನ ಮಾಡೆಲ್ ಬಂದಿದೆ. ಸೆಕೆಂಡ್ ಹ್ಯಾಂಡಲ್ಲಿ ಒಳ್ಳೇದು ಸಿಕ್ಕರೆ, ಮನೆಮಂದಿ ಫೋಟೋಗೆ ಇವತ್ತಿಗೂ ತಗೋಬಹುದು ಅಂತೀನಿ. 4ಕೆ ವಿಡಿಯೋ ಬೇಕು ಅನ್ನೋರಿಗೆ ಇದು ಬೇಡ, ಇದರಲ್ಲಿ ಅದಿಲ್ಲ. ಏಳು ವರ್ಷದಲ್ಲಿ ನನ್ನದು ಒಮ್ಮೆಯೂ ಕೈಕೊಟ್ಟಿಲ್ಲ. ಹಿಡಿಯೋ ಕಡೆ ರಬ್ಬರ್ ಸ್ವಲ್ಪ ಸಡಿಲವಾಗಿದೆ, ಅಷ್ಟೇ.

ಈ ಡಿಸೆಂಬರಿಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲು. ಬಾದಾಮಿ ಗುಹೆಗಳ ಹತ್ತಿರ ಕೋತಿಗಳು ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು ಓಡ್ತಾವೆ, ಹಾಗಾಗಿ ಕೈ ಖಾಲಿ ಇದ್ದಷ್ಟೂ ಒಳ್ಳೇದು. ಆದರೆ ಅಗಸ್ತ್ಯತೀರ್ಥದ ಆಚೆ ದಡದ ಭೂತನಾಥ ದೇವಸ್ಥಾನವನ್ನು ಈ ಕಡೆಯಿಂದ ಹತ್ತಿರಕ್ಕೆ ಎಳೆದು ತೆಗೆಯಬೇಕು ಅಂತ ಆಸೆ. ಮಗಳನ್ನು ಕೇಳಿದೆ, ಈಗ ಅವಳಿಗೆ ಹದಿನಾರು. "55-250 ನನ್ನ ಬ್ಯಾಗಲ್ಲಿ ಹಾಕು, ಆದ್ರೆ ಅದರಲ್ಲಿ ತೆಗೆಯೋದು ನಾನು" ಅಂದಳು. 375 ಗ್ರಾಂ ಇಳೀತು.